ಹುಲಿ ಯಾರದ್ದು, ಗುಂಡಿ ಯಾರದ್ದು

ಹರಿಹರದ ಮಕ್ತುಮ್ ಸಾಬ್ ಅವರ ಟೈಲರ್ ಅಂಗಡಿಯಲ್ಲಿ ಹೇಳಿದ ಹೊತ್ತಿಗೆ ಬಟ್ಟೆ ಸಿಕ್ಕಿದ್ದು ಅಪರೂಪ. "ಐದು ನಿಮಿಷ ಕೂಡ್ರಿ, ಗುಂಡಿ ಕಾಜಾ ಒಂದು ಬಾಕಿ ಐತೆ" ಎನ್ನುತ್ತಾರೆ. ಅವರ ಐದು ನಿಮಿಷ ಎಷ್ಟು ಉದ್ದ ಎಂಬುದು ಊರಿಗೇ ಗೊತ್ತು. ಕಾಯುವವರ ಬೇಜಾರು ಕಳೆಯಲೆಂದು ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಆಟದ ಮನೆ ಬರೆದಿಟ್ಟಿದ್ದಾರೆ. ಅಂಗಿಯ ಗುಂಡಿಗಳೇ ಕುರಿ, ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಸ್ತಾನಗಳೇ ಹುಲಿ. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಸೇರಿ ಹುಲಿಯನ್ನು ಕಟ್ಟಿಹಾಕಬೇಕು.

ಆಟ ಬೇಗ ಮುಗಿಯಲೆಂದು ಸಾಬರು ತಮ್ಮದೇ ಒಂದು ನಿಯಮ ಸೇರಿಸಿದ್ದರು. ಮೂರು ಸಲ ನಡೆದರೂ ಕುರಿ ಸಿಗದ ಹುಲಿ ಒಂದು ಸರದಿ ಸುಮ್ಮನೆ ಕೂರಬೇಕು. ಈ ನಿಯಮ ಬೇರೆಲ್ಲೂ ಇಲ್ಲ ಎಂಬುದು ಅವರ ಹೆಮ್ಮೆ.

ಅವರ ಮಗಳು ಆಮ್ನಾ ಕಂಪ್ಯೂಟರ್ ಓದಿದವಳು. ಇದೇ ಆಟವನ್ನು ಮೊಬೈಲ್ ಗೇಮ್ ಮಾಡಿದಳು. ಅಪ್ಪನ ಗುಂಡಿ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಗುಂಡಿಯ ಚಿತ್ರ ಬರೆದಳು. ಗೇಮ್ ಚೆನ್ನಾಗಿಯೇ ಓಡುತ್ತಿತ್ತು. ಅಷ್ಟರಲ್ಲಿ ದಾವಣಗೆರೆಯ ಕೃತಿಕಾ ಕೂಡ ಒಂದು ಹುಲಿ-ಕುರಿ ಗೇಮ್ ಬಿಟ್ಟಳು. ನಿಜಲಿಂಗಪ್ಪ ಬಡಾವಣೆಯ ಈ ಹುಡುಗಿ ಅಪ್ಪನ ಜೊತೆ ಅಂಗಡಿಗೆ ಬಂದು, ಅದೇ ಬೆಂಚಿನ ಮೇಲೆ ಆಟ ಕಲಿತವಳು. ಅವಳ ಗೇಮಿನಲ್ಲೂ ಕುರಿ ಸಿಗದೆ ಮೂರು ಸಲ ನಡೆದ ಹುಲಿ ಒಂದು ಸರದಿ ಸುಮ್ಮನೆ ಕೂರುತ್ತಿತ್ತು.

ಸಾಬರಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಒತ್ತಾಯಕ್ಕೆ ಆಮ್ನಾ, "ಇದು ಪೂರ್ತಿ ನಮ್ಮ ಗೇಮಿನ ನಕಲು" ಎಂದು ದೂರು ಕೊಟ್ಟಳು. ಗೇಮ್ ಇಳಿಸಿಕೊಳ್ಳುವ ಆಪ್ ಸ್ಟೋರಿನವರು ಕೃತಿಕಾಳ ಗೇಮನ್ನು ತೆಗೆದೇಬಿಟ್ಟರು. ಕಾಲೇಜಿನಲ್ಲಿ ಅವಳ ಕೊನೇ ವರ್ಷದ ಪ್ರಾಜೆಕ್ಟ್ ಅದೇ ಆಗಿತ್ತು. ಸೋಮವಾರ ಅದನ್ನು ಸ್ಟೋರಿನಿಂದಲೇ ಇಳಿಸಿ ಎಲ್ಲರೆದುರು ಆಡಿಸಿ ತೋರಿಸಬೇಕಿತ್ತು.

ಶನಿವಾರ ವಕೀಲ ನಾಗಭೂಷಣ್ ತಮ್ಮ ಕರಿ ಕೋಟು ಹಿಡಿದು ಅಂಗಡಿಗೆ ಬಂದರು. ಸೊಂಟದ ಹತ್ತಿರ ಸಡಿಲ ಮಾಡಿಸಬೇಕಿತ್ತು. ಹಬ್ಬದ ಊಟಗಳ ಫಲ. ಸಾಬರು ಅಳತೆ ತೆಗೆಯುತ್ತಲೇ ಎಲ್ಲ ಹೇಳಿದರು. ಆಮ್ನಾ ಕೂಡ ಅಂಗಡಿಯಲ್ಲೇ ಇದ್ದಳು.

"ಕಳ್ಳತನ ಆದ್ರೆ ಸುಮ್ಮನಿರಬೇಕಾ ವಕೀಲ್ರೆ?"

"ಏನು ಕಳುವಾಗೈತೆ, ಅದನ್ನ ಹೇಳ್ರಿ ಮೊದ್ಲು."

"ಆಟನೇ ಹೋಗೈತಲ್ರಿ."

"ಆಟ ನಿಮಗೆ ಯಾರು ಕಲಿಸಿದ್ರು?"

"ನಮ್ಮ ಅಬ್ಬಾ. ಅವರು ಕಡರನಾಯಕನಹಳ್ಳೀಲಿ ರಂಗವ್ವನ ಮನೆ ಕಟ್ಟೆ ಮ್ಯಾಲೆ ಕಲ್ತಿದ್ರು."

"ಹಂಗಾರೆ ರಂಗವ್ವನ ಮೊಮ್ಮಕ್ಕಳು ನಾಳೆ ಬಂದು ನಿಮ್ಮ ಬೆಂಚು ಒರೆಸಿ ಹೋದ್ರೆ ನಡೀತೈತಾ?"

ಸಾಬರು ಟೇಪು ಕೊರಳಿಗೆ ಹಾಕಿಕೊಂಡರು. "ಆಟ ಹಳೇದು, ಬಿಡ್ರಿ. ಮೂರು ನಡೆ ನಿಯಮ ಮಾತ್ರ ನಾನೇ ಹುಟ್ಟಿಸಿದ್ದು. ಅದಕ್ಕಾದ್ರೂ ಹಕ್ಕು ಐತಲ್ಲ?"

"ಇಲ್ರಿ. ಕಾಪಿರೈಟ್ ಕಾನೂನು ಬರೀ ಯೋಚನೆಗೆ, ಆಡೋ ನಿಯಮಕ್ಕೆ ಬೀಗ ಹಾಕಲ್ಲ. ನೀವೇ ಹುಟ್ಟಿಸಿದ್ರೂ ಇಲ್ಲ."

ಸಾಬರಿಗೆ ನಿಜವಾಗಿಯೂ ನೋವಾಯಿತು. ಇಷ್ಟು ವರ್ಷ ತನ್ನದು ಎಂದುಕೊಂಡಿದ್ದನ್ನು ಯಾರೋ ಎರಡು ಮಾತಿನಲ್ಲಿ ತನ್ನದಲ್ಲ ಎಂದರೆ ಯಾರಿಗೆ ತಾನೇ ಆಗುವುದಿಲ್ಲ?

"ಇದೆಂಥ ನ್ಯಾಯ?" ಎಂದರು.

"ಅಂಗಿಗೆ ಕಾಲರ್ ಇಡೋದನ್ನ ಯಾರೋ ಒಬ್ಬ ಶುರು ಮಾಡಿದ. ಅವನು ಇನ್ಯಾರೂ ಕಾಲರ್ ಇಡಂಗಿಲ್ಲ ಅಂದಿದ್ರೆ ನೀವು ಅಂಗಡಿ ಇಡ್ತಿದ್ರಾ? ಹೊಲಿಯೋ ವಿದ್ಯೆ ಎಲ್ಲರದು. ನೀವು ಹೊಲಿದ ಅಂಗಿ ನಿಮ್ಮದು."

"ಹಂಗಾದ್ರೆ ನಮ್ಮ ಹುಡುಗಿಗೆ ಏನೂ ಇಲ್ವಾ?"

"ಬೇಕಾದಷ್ಟು ಐತೆ. ಅವಳು ಬರೆದ ಪ್ರೋಗ್ರಾಂ, ಅವಳ ಚಿತ್ರ, ಅವಳೇ ಮಾಡಿದ ಸಂಗೀತ, ಇವನ್ನ ಕೇಳದೆ ಯಾರೂ ಎತ್ತಿಕೊಳ್ಳಂಗಿಲ್ಲ. ರಿಜಿಸ್ಟರ್ ಮಾಡಿಸದಿದ್ರೂ ಆ ಹಕ್ಕು ಇರ್ತೈತೆ. ಎಲ್ಲಿ, ಎರಡೂ ಗೇಮ್ ತೋರಿಸವಾ ಆಮ್ನಾ."

ದೂರು ಕೊಡುವ ಮೊದಲು ಆಮ್ನಾ ಕೃತಿಕಾಳ ಗೇಮನ್ನು ತನ್ನ ಫೋನಿಗೆ ಹಾಕಿಕೊಂಡಿದ್ದಳು. ವಕೀಲರು ಕನ್ನಡಕ ಮೇಲೇರಿಸಿ ನೋಡಿದರು. ಅಲ್ಲಿ ಆಟದ ಮನೆ ರಂಗೋಲಿಯಂತಿತ್ತು, ಹುಲಿಗೆ ಮೀಸೆಯಿತ್ತು, ಕುರಿ ಕುರಿಯಂತೆಯೇ ಇತ್ತು. ಯಾವುದೂ ಆಮ್ನಾಳದ್ದಲ್ಲ. ಆದರೆ ಉಳಿದ ಕುರಿಗಳ ಲೆಕ್ಕ ತೋರಿಸುವ ಮೂಲೆಯಲ್ಲಿ ಒಂದು ಗುಂಡಿಯ ಚಿತ್ರವಿತ್ತು. ಅದರ ಎಡ ಅಂಚು ಚೂರು ಮುರಿದಿತ್ತು. ಆಮ್ನಾಳ ಗೇಮಿನ ಗುಂಡಿಯೂ ಅಲ್ಲೇ, ಹಾಗೆಯೇ ಮುರಿದಿತ್ತು.

"ಇದು ನಿಂದು. ಇದನ್ನ ಎತ್ತಿದ್ದಾಳೆ" ಎಂದರು ವಕೀಲರು.

ಸಾಬರ ಮುಖ ಅರಳಿತು. "ಸಿಕ್ಕಿತಲ್ಲ. ಗೇಮ್ ತೆಗೆಸಿದ್ದು ಸರಿನೇ ಆತು."

"ಒಂದು ಗುಂಡಿ ನಿಮ್ಮದು ಅಂತ ಮೈಮೇಲಿನ ಅಂಗೀನೇ ಬಿಚ್ಚಿಸ್ತೀರಾ ಸಾಬ್ರೆ? ಗುಂಡಿ ಕೇಳ್ರಿ, ಅದು ನ್ಯಾಯ. ಹಕ್ಕಿಲ್ಲದ್ದಕ್ಕೂ ಹಕ್ಕು ಐತೆ ಅಂತ ಹೆದರಿಸಿದ್ರೆ ಆ ಹುಡುಗಿನೇ ನಿಮ್ಮ ಮ್ಯಾಲೆ ಕೋರ್ಟಿಗೆ ಹೋಗಬಹುದು. ಆಗ ನನ್ನ ಕೋಟು ಬೇಗ ಹೊಲಿದು ಕೊಡಬೇಕಾಗ್ತೈತೆ."

ಸಾಬರು ನಗಲಿಲ್ಲ. ಆಮ್ನಾ ಫೋನನ್ನು ಬೆಂಚಿನ ಮೇಲಿಟ್ಟು ಅಪ್ಪನ ಕಡೆ ತಿರುಗಿದಳು.

"ಅಬ್ಬಾ, ಈಗ ನಾನು ಮಾಡ್ತಿರೋ ಹೊಸ ಗೇಮ್ ಯಾವುದು ಹೇಳು?"

"ಚೌಕಾಬಾರ."

"ಅದನ್ನ ನಾವು ಹುಟ್ಟಿಸಿದ್ವಾ? ಮಲೆಬೆನ್ನೂರಿಂದ ಯಾರಾದ್ರೂ ಬಂದು, ಇದು ನಮ್ಮಜ್ಜಿ ಆಟ, ತೆಗಿ ಅಂದ್ರೆ? ಎಂಟು ತಿಂಗಳ ಕೆಲಸ ನಂದು."

ಸಾಬರು ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಆ ಹುಡುಗಿಗೆ ಫೋನ್ ಹಚ್ಚು" ಎಂದರು.

ಆಮ್ನಾ ಸ್ಪೀಕರಿಗೆ ಹಾಕಿದಳು.

"ಬೇಟಾ, ನಾನು ಹರಿಹರದ ಮಕ್ತುಮ್ ಚಾಚಾ. ಪೂರ್ತಿ ನಕಲು ಅಂದಿದ್ದು ನಮ್ಮ ತಪ್ಪು. ಆ ದೂರು ಈಗಲೇ ವಾಪಸ್ ತಗೋತೀವಿ. ಮೂರು ನಡೆ ನೀನೂ ಆಡ್ಸು. ಗುಂಡಿ ಚಿತ್ರ ಮಾತ್ರ ನಮ್ಮ ಆಮ್ನಾದು, ಅದನ್ನ ತೆಗೆದುಬಿಡು."

ಆ ಕಡೆಯಿಂದ ಅತ್ತು ದಣಿದ ದನಿ ಬಂತು. "ತೆಗೀತೀನಿ ಚಾಚಾ. ನಂಗೆ ಗುಂಡಿ ಬರೆಯೋಕೆ ಬರ್ಲಿಲ್ಲ. ಕೇಳೋಕೆ ನಾಚಿಕೆ ಆತು."

"ಕೇಳಿದ್ರೆ ಕೊಡ್ತಿದ್ದೆ ಕಣೆ" ಎಂದಳು ಆಮ್ನಾ.

ಗುಂಡಿ ಬದಲಾಯಿತು, ದೂರು ವಾಪಸಾಯಿತು. ಭಾನುವಾರ ಸಂಜೆ ಗೇಮ್ ಮತ್ತೆ ಕಾಣಿಸಿಕೊಂಡಿತು. ಸೋಮವಾರ ಕೃತಿಕಾ ಅದನ್ನು ಕಾಲೇಜಿನಲ್ಲಿ ಆಡಿಸಿ ತೋರಿಸಿದಳು. ಈ ನಿಯಮ ಎಲ್ಲಿಯದು ಎಂದು ಮೇಷ್ಟ್ರು ಕೇಳಿದಾಗ ಹರಿಹರದ ಟೈಲರ್ ಅಂಗಡಿಯ ಹೆಸರು ಹೇಳಿದಳು. ಹೇಳಲೇಬೇಕೆಂದು ಯಾವ ಕಾನೂನೂ ಅವಳಿಗೆ ಹೇಳಿರಲಿಲ್ಲ.

ಗೇಮ್ ಮಾಡುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕೈಯಾರೆ ಬರೆದದ್ದು ನಿಮ್ಮದೇ. ಅದನ್ನು ಯಾರಾದರೂ ಕೇಳದೆ ಎತ್ತಿಕೊಂಡರೆ ಅಂಜಬೇಡಿ, ಕೇಳಿ. ನೀವೂ ಬೇರೆಯವರ ಚಿತ್ರ, ಹಾಡು ಬೇಕಾದಾಗ ನಾಚಿಕೆ ಬಿಟ್ಟು ಮೊದಲು ಕೇಳಿ. ಆದರೆ ಆಡುವ ರೀತಿಗೆ ಬೇಲಿ ಹಾಕಲು ಹೋಗಬೇಡಿ. ನಿಮ್ಮ ಗೇಮ್ ಸಪ್ಪೆಯಾಗಿದೆ ಎಂದು ವಿಮರ್ಶೆ ಮಾಡುತ್ತ ಯಾರೋ ಅದರ ಸಣ್ಣ ತುಣುಕು ತೋರಿಸಿದರೆ ಬೇಜಾರಾಗುವುದು ಸಹಜ, ಆದರೆ ಅದೂ ಕಳ್ಳತನವಲ್ಲ. ದೂರು ಕೊಡುವ ಮುನ್ನ ಒಮ್ಮೆ ಯೋಚಿಸಿ: ಅವರು ಎತ್ತಿಕೊಂಡದ್ದು ನನ್ನ ಕೆಲಸವನ್ನೋ, ಬರೀ ನನ್ನ ಯೋಚನೆಯನ್ನೋ? ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ. ಆ ಗೇಮ್ ಮಾಡಿದವರಿಗೂ ಒಂದು ಫೋನ್ ಮಾಡಿ. ಆ ಕಡೆಯೂ ನಿಮ್ಮ ಹಾಗೆಯೇ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದವರೊಬ್ಬರು ಇರುತ್ತಾರೆ.