ಎರಡು ಮೀನಿನ ಚಾಕು

ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ಕಟಿಂಗಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತವನಿಗೆ ಬೇರೆ ಹೆಸರು ಯಾತಕ್ಕೆ? ರೀಮುಗಟ್ಟಲೆ ಕಾಗದವನ್ನು ತಟ್ಟಿ ಅಂಚು ಸೇರಿಸಿ, ಅಳತೆ ಹಿಡಿದು, ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮೇಲಿನಿಂದ ಅಲಗು ಇಳಿಯುತ್ತಿತ್ತು. ಕೆಲಸ ಅಷ್ಟೇ. ಆದರೆ ಅವನು ಕತ್ತರಿಸಿದ ಪುಸ್ತಕದ ಅಂಚಿನ ಮೇಲೆ ಬೆರಳಾಡಿಸಿ ನೋಡಿದವರು, ಪುಸ್ತಕ ಓದದವರೂ, ಒಮ್ಮೆ ತಲೆದೂಗುತ್ತಿದ್ದರು.

ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಬೇರೆ ಊರಿನಲ್ಲಿ ಅಕ್ಕ ಇದ್ದಳು. ಬುಧವಾರ ಬುಧವಾರ ಫೋನು ಮಾಡಿ, ಊಟ ಆಯ್ತಾ, ಹಲ್ಲು ಕಟ್ಟಿಸಿಕೊಂಡೆಯಾ ಎಂದು ಕೇಳುತ್ತಿದ್ದಳು. ಎಡಗಡೆಯ ಎರಡು ದವಡೆ ಹಲ್ಲು ಉದುರಿ ಹೋಗಿ ಎರಡು ವರ್ಷವಾಗಿತ್ತು. ಬಲಗಡೆಯಲ್ಲೇ ಅಗಿದುಕೊಂಡು ಕಾಲ ತಳ್ಳುತ್ತಿದ್ದ. ಹಲ್ಲಿಗೆಂದು ದುಡ್ಡು ಎತ್ತಿಡುತ್ತಿದ್ದದ್ದೇನೋ ನಿಜ. ಕಟ್ಟಿಸಿಕೊಳ್ಳಲು ಮಾತ್ರ ಮನಸ್ಸು ಬಂದಿರಲಿಲ್ಲ.

ಮನಸ್ಸೆಲ್ಲ ಚಾಕುಗಳ ಮೇಲಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಿವೃತ್ತನಾಗುತ್ತಿದ್ದ ಬೈಂಡಿಂಗ್ ಮೇಸ್ತ್ರಿ ತನ್ನ ಮಡಚುವ ಚಾಕುವನ್ನು ಇವನ ಕೈಗಿಟ್ಟು, "ಇದನ್ನ ಚೆನ್ನಾಗಿ ನೋಡ್ಕೋ. ಯಾರಾದ್ರೂ ಕೇಳಿದ್ರೆ ತೋರಿಸು, ಕೊಡ್ಬೇಡ" ಎಂದಿದ್ದ. ಕೊಂಬಿನ ಹಿಡಿ, ಸಾಣೆ ಹಿಡಿದು ಹಿಡಿದು ಸಣ್ಣಗಾದ ಅಲಗು, ಅಲಗಿನ ಬುಡದಲ್ಲಿ ಒಂದರ ಮೇಲೊಂದು ಎರಡು ಮೀನಿನ ಮುದ್ರೆ. ಅದನ್ನು ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಮೇಸ್ತ್ರಿಯೂ ಈಗಿಲ್ಲ. ಆಮೇಲೆ ಅವನು ಹುಡುಕಿ ಹುಡುಕಿ ಎರಡು ಮೀನಿನ ಇನ್ನೂ ಎಂಟು ಚಾಕು ಕೂಡಿಸಿದ. ಚರ್ಮ ಕೊಯ್ಯುವುದು, ಬಲೆ ಹೆಣೆಯುವವರದು, ಪೆನ್ಸಿಲ್ಲು ಚೂಪು ಮಾಡುವ ಕಿರುಬೆರಳಿನಷ್ಟು ಪುಟ್ಟದು. ಒಂದೊಂದನ್ನೂ ಮಡಚಿದಾಗ ಬರುವ 'ಟಕ್' ಬೇರೆ ಬೇರೆ. ಕಣ್ಣು ಮುಚ್ಚಿ ಯಾವುದು ಯಾವುದೆಂದು ಹೇಳಬಲ್ಲ.

ಹೇಳುವುದು ಯಾರಿಗೆ? ಅದೇ ತೊಂದರೆ. ಯಾರಾದರೂ ಕೇಳಿದರೆ ತೋರಿಸು ಎಂದು ಮೇಸ್ತ್ರಿ ಹೇಳಿಹೋದ ಮೇಲೆ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಪ್ರೆಸ್ಸಿನವರಿಗೆ ಇಡೀ ದಿನ ಅಲಗು ನೋಡಿ ಸಾಕಾಗಿರುತ್ತಿತ್ತು. ಅಕ್ಕನಂತೂ, "ಚಾಕು ಕೂಡಿಹಾಕೋನಿಗೆ ಯಾರು ಹೆಣ್ಣು ಕೊಡ್ತಾರೋ!" ಎಂದು ನಗುತ್ತಿದ್ದಳು. ಅವನಿಗೆ ಐವತ್ತು ದಾಟಿದ ಮೇಲೆ ಆ ಮಾತನ್ನೂ ಬಿಟ್ಟಳು. ಆ ನಗುವಿಗಿಂತ ಅದೇ ಅವನನ್ನು ಹೆಚ್ಚು ನೋಯಿಸಿತು.

ಮೊದಮೊದಲು ಚಾಕುಗಳು ಗುಜರಿಯ ರಾಶಿಯಲ್ಲಿ, ತುಕ್ಕು ಹಿಡಿದ ಇಕ್ಕಳ, ಮುರಿದ ಬೀಗಗಳ ನಡುವೆ ಒಂದು ಟೀ ದುಡ್ಡಿಗೆ ಸಿಗುತ್ತಿದ್ದವು. ಆಮೇಲೆ ನಡುವಿನ ವ್ಯಾಪಾರಿಗಳು ಹುಟ್ಟಿಕೊಂಡರು. ಸಂತೆಗೆ ಬೆಳಗಾಗುವ ಮುಂಚೆ ಬಂದು ಒಳ್ಳೆಯದನ್ನೆಲ್ಲ ಬಾಚಿಕೊಂಡು, ಎಣ್ಣೆ ಒರೆಸಿ, ಬಟ್ಟೆಯ ಮೇಲೆ ಸಾಲಾಗಿಟ್ಟು, ನಾಲ್ಕರಷ್ಟು ಬೆಲೆ ಹೇಳುವವರು. ಅವರಲ್ಲಿ ಇವನು ಹೆಚ್ಚಾಗಿ ಹೋಗುತ್ತಿದ್ದದ್ದು ಬೀಗದವನ ಹತ್ತಿರ. ವಾರವಿಡೀ ಬಸ್ ನಿಲ್ದಾಣದ ಪಕ್ಕ ಬೀಗ ರಿಪೇರಿ, ಕೀಲಿಕೈ ಮಾಡಿಕೊಡುವ ಕೆಲಸ. ಭಾನುವಾರ ಫುಟ್‌ಪಾತಿನ ಮೇಲೆ ಹಳೇ ಸಾಮಾನು. ಬಾಯಿಗೆ ಬಂದ ಬೆಲೆ ಹೇಳುತ್ತಿದ್ದನಾದರೂ ಮನುಷ್ಯ ಕೆಟ್ಟವನಲ್ಲ. ಇವನು ಬಂದರೆ ಕೂರಲು ಡಬ್ಬವನ್ನು ಸರಿಸಿಕೊಡುತ್ತಿದ್ದ.

ಬಡವನಿಗೂ ಒಂದು ಬುದ್ಧಿ ಇರುತ್ತದಲ್ಲ, ಕಟಿಂಗಣ್ಣನೂ ಒಂದು ಉಪಾಯ ಹೂಡಿದ್ದ. ಎದುರಿಗೆ ನಿಂತು ಕೇಳಿದರೆ ಇವನ ಕಣ್ಣಿನ ಆಸೆ ನೋಡಿಯೇ ಬೆಲೆ ಏರಿಸುತ್ತಾರೆ. ಅದಕ್ಕೆ ಪ್ರೆಸ್ಸಿನ ಕಂಬಕ್ಕೆ ತೂಗುಹಾಕಿದ್ದ ಹಳೇ ಫೋನಿನಿಂದ, ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ನೆಗಡಿ ಬಂದವನ ಹಾಗೆ ಮೂಗಿನಲ್ಲಿ ಮಾತಾಡಿ, ಹಳೇ ಪೇಟೆಯ ಗಡ್ಡದ ವ್ಯಾಪಾರಿಯನ್ನು ಕೇಳುತ್ತಿದ್ದ: "ಎರಡು ಮೀನಿನ ಚಾಕು ಬಂದಿದೆಯೇನ್ರಿ? ಏನು ರೇಟು?" ಮಾರುಕಟ್ಟೆಯ ನಿಜವಾದ ಬೆಲೆ ತಿಳಿಯಲಿ ಎಂದು, ಅಷ್ಟೇ. ಒಂದೆರಡು ಸಲ ಅಕ್ಕನ ಕೈಯಲ್ಲೂ ಕೇಳಿಸಿದ್ದ. ಅವಳು ಅಭ್ಯಾಸಬಲದಿಂದ ಚೌಕಾಸಿಗೇ ಇಳಿದುಬಿಟ್ಟಿದ್ದಳು. ಗಡ್ಡದವನು ಒಂದು ದಿಕ್ಕು, ಬೀಗದವನು ಇನ್ನೊಂದು ದಿಕ್ಕು. ಒಬ್ಬರಿಗೊಬ್ಬರಿಗೆ ಸಂಬಂಧ ಇರಬಹುದೆಂದು ಇವನ ತಲೆಗೆ ಹೊಳೆದಿರಲಿಲ್ಲ.

ಉಪಾಯ ಹೂಡಿದಷ್ಟೂ ಬೆಲೆ ಏರಿತು. ಯಾಕಪ್ಪಾ ಎಂದರೆ ಬೀಗದವನು ಹೇಳುತ್ತಿದ್ದ: "ಏನ್ಮಾಡ್ಲಿ ಸ್ವಾಮಿ, ಇನ್ನೊಬ್ರು ಇದ್ದಾರೆ. ಎರಡು ಮೀನು ಅಂದ್ರೆ ಜೀವ ಬಿಡ್ತಾರಂತೆ."

ಇನ್ನೊಬ್ಬರು! ಮೊದಲು ಕೇಳಿದಾಗ ಕಟಿಂಗಣ್ಣನಿಗೆ ಹೊಟ್ಟೆ ಉರಿದುಹೋಯಿತು. ದುಡ್ಡಿನ ಕೊಬ್ಬು ಎಂದು ಮನಸ್ಸಿನಲ್ಲೇ ಬೈದು, ಅವನಿಗೆ ಸಾಹುಕಾರ ಎಂದು ಹೆಸರಿಟ್ಟ. ಗಾಜಿನ ಬೀರು, ಒಳಗೆ ದೀಪ, ಮಖಮಲ್ಲಿನ ಮೇಲೆ ಚಾಕುಗಳು, ಹೀಗೆಲ್ಲ ಊಹಿಸಿಕೊಂಡ. ಆದರೆ ಬೈದುಕೊಂಡು ಎಷ್ಟು ದಿನ ಇರಲಾಗುತ್ತದೆ? ಯಂತ್ರದ ಮುಂದೆ ನಿಂತಾಗ ಸಾಹುಕಾರನ ನೆನಪಾಗುತ್ತಿತ್ತು. ಅವನೂ ಟಕ್ ಎನ್ನುವ ಸದ್ದು ಕೇಳುತ್ತಾನೋ? ಅಲಗಿನ ಕಪ್ಪು ಬಣ್ಣವನ್ನು ಉಜ್ಜಿ ಹಾಳುಮಾಡದೆ ಹಾಗೇ ಬಿಡುವಷ್ಟು ತಿಳಿವಳಿಕೆ ಇದೆಯೋ? ಒಂದು ವರ್ಷ ಕಳೆಯುವುದರಲ್ಲಿ ಅವನು 'ನಮ್ಮ ಸಾಹುಕಾರ' ಆಗಿಬಿಟ್ಟಿದ್ದ. ಚಾಕುಗಳಿಗೆ ಎಣ್ಣೆ ಹಚ್ಚುವಾಗ ಕಟಿಂಗಣ್ಣ ಗಟ್ಟಿಯಾಗಿಯೇ, "ಇದು ನಿಮ್ಮ ಹತ್ರ ಇರ್ಲಿಕ್ಕಿಲ್ಲ ಬಿಡಿ" ಎನ್ನುತ್ತಿದ್ದ. ಭೂಮಿಯ ಮೇಲೆ ತನ್ನ ಒಂಬತ್ತು ಚಾಕುಗಳನ್ನು ನೋಡಿ ಅರ್ಥಮಾಡಿಕೊಳ್ಳುವ ಒಂದೇ ಒಂದು ಜೀವ ಅದು. ಅವನನ್ನೊಮ್ಮೆ ಭೇಟಿಯಾಗಬೇಕು. ಒಂದು ಸಂಜೆ ಎದುರುಬದುರು ಕೂತು, ಅವನದು ಇವನು, ಇವನದು ಅವನು ನೋಡಬೇಕು. ಚಾಕು ಸಿಗಬೇಕು ಎನ್ನುವುದಕ್ಕಿಂತ ಈ ಆಸೆಯೇ ದೊಡ್ಡದಾಗಿ ಬೆಳೆದದ್ದು ಅವನಿಗೇ ಗೊತ್ತಾಗಲಿಲ್ಲ.

ಒಂದು ಭಾನುವಾರ ಬೀಗದವನು ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗೆ ಕಸಿ ಕಟ್ಟುವವರ ಚಾಕು. ಒಂದು ತುದಿಗೆ ಅಲಗು, ಇನ್ನೊಂದು ತುದಿಗೆ ತೊಗಟೆ ಬಿಡಿಸಲು ದಂತದಂಥ ತೆಳ್ಳನೆ ನಾಲಗೆ. ಬುಡದಲ್ಲಿ ಎರಡು ಮೀನು, ಒಂದು ಚೂರೂ ಸವೆದಿಲ್ಲ. ಇಂಥದ್ದೊಂದು ಇತ್ತು ಎಂದು ಮೇಸ್ತ್ರಿ ಹೇಳಿದ್ದನ್ನು ಕೇಳಿದ್ದು ಬಿಟ್ಟರೆ ಅವನು ಕಣ್ಣಾರೆ ಕಂಡಿರಲಿಲ್ಲ. ಮಡಚಿ ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದ. ಮೈ ಜುಮ್ಮೆಂದಿತು.

ಬೆಲೆ ಕೇಳಿದ ಮೇಲೆ ಜುಮ್ಮೆಂದದ್ದು ಇಳಿಯಿತು. ಅರ್ಧ ತಿಂಗಳ ಸಂಬಳ.

"ಇದು ಅನ್ಯಾಯ ಕಣಯ್ಯಾ."

"ನನಗೂ ಗೊತ್ತು ಸ್ವಾಮಿ. ಆದ್ರೆ ಅವರು ಕೊಡ್ತಾರೆ."

ಕಟಿಂಗಣ್ಣ ಡಬ್ಬದ ಮೇಲೆ ಬಹಳ ಹೊತ್ತು ಕೂತಿದ್ದ. ಬೀಗದವನು ಮೂವರಿಗೆ ಬೀಗ, ಒಬ್ಬರಿಗೆ ಇಸ್ತ್ರಿಪೆಟ್ಟಿಗೆ ಮಾರಿದ. ಕೊನೆಗೆ ಇವನು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟ.

"ಅವರಿಗೇ ಕೊಡು. ಬೇಜಾರಿಲ್ಲ. ಒಂದೇ ಒಂದು ಮಾತು ಹೇಳ್ತೀಯಾ? ಅವರು ತಗೊಂಡ ಮೇಲೆ ನನಗೊಂದ್ಸಲ ತೋರಿಸಿದ್ರೆ ಸಾಕು. ನಾನೂ ನನ್ನ ಹತ್ರ ಇರೋದನ್ನ ತೋರಿಸ್ತೀನಿ."

ಬೀಗದವನಿಗೆ ಏನೋ ತಟ್ಟಿತು. "ನೀವೇ ಮಾತಾಡಿ ಸ್ವಾಮಿ, ನಂಬರು ಕೊಡ್ತೀನಿ. ನಾನೂ ಮಾತಾಡಿಲ್ಲ. ಹಳೇ ಪೇಟೆ ಗಡ್ಡದವನು ಕೊಟ್ಟಿದ್ದು. ಅವನ ಮಾಲೆಲ್ಲ ನನ್ನ ಹತ್ರಾನೇ ಬರೋದು. ಅವರಿಗೆ ಯಾವಾಗ್ಲೂ ನೆಗಡಿಯಂತೆ. ಇನ್ನೊಬ್ರು ಹೆಂಗಸೂ ಇದ್ದಾರಂತೆ, ಆದ್ರೆ ಆಯಮ್ಮ ಚೌಕಾಸಿ ಜಾಸ್ತಿ." ಫೋನು ಒತ್ತಿ ಒತ್ತಿ ಹುಡುಕಿ, ಒಂದೊಂದೇ ಅಂಕಿ ಓದಿ ಹೇಳತೊಡಗಿದ.

ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಕಟಿಂಗಣ್ಣ ನಾಲ್ಕನೆಯ ಅಂಕಿಗೆ ತಲೆಯೆತ್ತಿದ. ಐದನೆಯದನ್ನು ಬೀಗದವನು ಹೇಳುವ ಮೊದಲೇ ಬರೆದಿದ್ದ. ಪ್ರೆಸ್ಸಿನ ಕಂಬದ ಮೇಲೆ, ಯಂತ್ರದ ಎಡಗಡೆ, ಇಪ್ಪತ್ತೆಂಟು ವರ್ಷದಿಂದ ಕೆಂಪು ಬಣ್ಣದಲ್ಲಿ ಬರೆದಿದ್ದ ನಂಬರು. ಆದರೂ ಕೊನೆಯವರೆಗೆ ಬರೆದುಕೊಂಡ, ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟ.

"ಯಾಕೆ ಸ್ವಾಮಿ, ಮುಖ ಹೀಗಾಯ್ತು?"

"ನೀನೇ ಮಾತಾಡು. ನನಗೆ ದೊಡ್ಡೋರ ಹತ್ರ ಮಾತು ಬರಲ್ಲ."

"ಆಯ್ತು, ನಾಳೆ ಮಾಡ್ತೀನಿ" ಎಂದ ಬೀಗದವನು.

ದಾರಿಯುದ್ದಕ್ಕೂ ನಗು ಬಂತು. ತನ್ನ ಚಾಕುವಿಗೆ ತಾನೇ ಪೈಪೋಟಿ ಹೂಡಿ, ತನ್ನ ಜೇಬಿಗೆ ತಾನೇ ಕತ್ತರಿ ಹಾಕಿಕೊಂಡ ಮಹಾನುಭಾವ ಇನ್ನೊಬ್ಬ ಸಿಗುತ್ತಾನೆಯೇ? ಮನೆಗೆ ಬಂದು ಅಂಗಿ ಬಿಚ್ಚುವಾಗ ಚೀಟಿ ಕೈಗೆ ಸಿಕ್ಕಿತು. ಯಾಕೆಂದು ಕೇಳಬೇಡಿ, ಆ ನಂಬರಿಗೆ ಫೋನು ಮಾಡಿದ. ಭಾನುವಾರ, ಪ್ರೆಸ್ಸಿಗೆ ರಜೆ. ರಿಂಗಾಗುತ್ತಲೇ ಇತ್ತು. ಕತ್ತಲಲ್ಲಿ ಬಟ್ಟೆ ಹೊದ್ದ ಯಂತ್ರ, ಬಂಡಲುಗಳು, ಕಂಬ ಎಲ್ಲ ಅವನ ಕಣ್ಣಿಗೆ ಕಟ್ಟಿದವು. ರಿಂಗು ತಾನಾಗಿ ನಿಲ್ಲುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ನಗು ಅಲ್ಲಿಗೆ ನಿಂತಿತು. ಅಮ್ಮ ಸತ್ತಾಗಲೂ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಆಗ ಅಳಲು ಯಾರೋ ಒಬ್ಬರು ಇದ್ದು ಹೋಗಿದ್ದರು. ಈ ಸಾಹುಕಾರ ಇದ್ದೇ ಇರಲಿಲ್ಲವಲ್ಲ.

ಆಮೇಲೆ ಸಾವರಿಸಿಕೊಂಡ. ಪೆದ್ದತನದಲ್ಲೂ ಒಂದು ಲಾಭ ಇದೆ ಎಂದು ಲೆಕ್ಕ ಹಾಕಿದ. ನಾಳೆ ಬೀಗದವನು ಫೋನು ಮಾಡಿದಾಗ ಮೂಗಿನಲ್ಲಿ 'ನನಗೆ ಬೇಡ, ಚಾಕುವಿನ ಗೀಳು ಬಿಟ್ಟೆ' ಎಂದರಾಯಿತು. ಬೆಲೆ ದಡಕ್ಕನೆ ಬೀಳುತ್ತದೆ. ಮುಂದಿನ ಭಾನುವಾರ ಚಾಕು ಪುಗಸಟ್ಟೆ ಎನ್ನುವಷ್ಟು ಅಗ್ಗಕ್ಕೆ ಇವನದಾಗುತ್ತದೆ, ಹಲ್ಲಿನ ದುಡ್ಡೂ ಉಳಿಯುತ್ತದೆ. ಹೇಳಬೇಕಾದ ಮಾತನ್ನು ಎರಡು ಸಲ ಅಭ್ಯಾಸ ಮಾಡಿಕೊಂಡ.

ಸೋಮವಾರ ಊಟದ ಬಿಡುವಿಗೆ ಮುಂಚೆ ಕಂಬದ ಫೋನು ಹೊಡೆದುಕೊಂಡಿತು. ಕಟಿಂಗಣ್ಣ ಯಂತ್ರ ನಿಲ್ಲಿಸಿ, ಕರ್ಚೀಫು ಅಡ್ಡ ಹಿಡಿದು ಎತ್ತಿದ.

"ನಮಸ್ಕಾರ ಸಾರ್, ನಾನು ಬೀಗದ ಅಂಗಡಿಯವನು. ಎರಡು ಮೀನಿನ ಕಸಿ ಚಾಕು ಬಂದಿದೆ." ಬೆಲೆಯನ್ನೂ ಹೇಳಿದ.

'ನನಗೆ ಬೇಡ' ಎನ್ನಲು ಬಾಯಿ ತೆರೆದಿದ್ದ. ಬೀಗದವನು ಮುಂದುವರಿಸಿದ:

"ಇನ್ನೊಂದು ಮಾತು ಸಾರ್. ಬೇರೆ ಒಬ್ರು ಇದನ್ನ ಕೇಳಿದ್ರು, ನಿಮಗೋಸ್ಕರ ಬಿಟ್ಟುಕೊಟ್ಟಿದ್ದಾರೆ. ಒಂದ್ಸಲ ತೋರಿಸಿದ್ರೆ ಸಾಕಂತೆ. ನಾನು ಹೇಳಬಾರದು, ಆದ್ರೂ ಹೇಳ್ತೀನಿ, ಅವರಿಗೆ ಯಾರೂ ಇಲ್ಲ ಅನ್ಸುತ್ತೆ. ಪ್ರತಿ ಭಾನುವಾರ ಬರ್ತಾರೆ, ಒಂದು ಚಾಕು ನೋಡೋಕೆ ಎರಡು ಗಂಟೆ ಕೂತಿರ್ತಾರೆ. ನಾನು ಸುಮ್ನೆ ಡಬ್ಬ ಸರಿಸಿಕೊಡ್ತೀನಿ. ಅವರಿಗೆ ಆಗಲ್ಲ ಅನ್ಬೇಡಿ ಸಾರ್."

ಈಗ ಕರ್ಚೀಫು ಇಲ್ಲದಿದ್ದರೂ ಕಟಿಂಗಣ್ಣನ ದನಿ ನೆಗಡಿಯವನ ಹಾಗೇ ಬರುತ್ತಿತ್ತು. ತನ್ನ ಬಗ್ಗೆ ಇನ್ನೊಬ್ಬರು ಇಷ್ಟು ಮಾತಾಡಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಅಭ್ಯಾಸ ಮಾಡಿಕೊಂಡಿದ್ದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಆ ಮನುಷ್ಯನಿಗೆ 'ಇಲ್ಲ' ಎನ್ನುವುದು ಹೇಗೆ?

"ತಗೋತೀನಿ," ಎಂದ. "ನಮ್ಮ ವ್ಯಾನ್ ಡ್ರೈವರ್ ಕೈಲಿ ದುಡ್ಡು ಕಳಿಸ್ತೀನಿ, ಅವನ ಹತ್ರಾನೇ ಕೊಟ್ಟು ಕಳ್ಸಿ. ಅವರಿಗೆ ಖಂಡಿತ ತೋರಿಸ್ತೀನಿ ಅಂತ ಹೇಳಿ."

ಹಲ್ಲಿನ ದುಡ್ಡು ಹಾಗೆ ಹೋಯಿತು. ಬುಧವಾರ ಅಕ್ಕ ಕೇಳಿದಾಗ, "ಮುಂದಿನ ವರ್ಷ ನೋಡೋಣ ಬಿಡೇ" ಎಂದ. ಹೊಸ ಚಾಕುವನ್ನು ಒಂಬತ್ತರ ಜೊತೆ ಇಡಲು ಕೈ ಬರಲಿಲ್ಲ. ಅದು ತನ್ನದಲ್ಲ ಎನ್ನುವ ಹಾಗೆ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟ.

ಭಾನುವಾರ ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಸಂತೆಗೆ ಹೋದ. ದೂರದಿಂದ ಕಂಡ ಕೂಡಲೇ ಬೀಗದವನು ಡಬ್ಬವನ್ನು ಒರೆಸಿ ಸರಿಸಿದ. ಮುಖದಲ್ಲಿ ವ್ಯಾಪಾರದ ನಗೆಯಲ್ಲ, ನಿಜವಾದ ನಗೆ.

"ಹೇಳಿದೆ ಸ್ವಾಮಿ! ತುಂಬಾ ಒಳ್ಳೆಯವರು. ಒಂದು ಮಾತೂ ಚೌಕಾಸಿ ಮಾಡ್ಲಿಲ್ಲ. ನಿಮ್ಮ ವಿಷಯ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, ಖಂಡಿತ ತೋರಿಸ್ತೀನಿ ಅಂದ್ರು."

ಕಟಿಂಗಣ್ಣ ಡಬ್ಬದ ಮೇಲೆ ಕೂತ. ಜೇಬಿನೊಳಗೆ ಕೈ ಹಾಕಿ ಮಡಚಿದ ಚಾಕುವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅದು ಬೆಚ್ಚಗಿತ್ತು.

"ಯಾವಾಗ ಅಂತೇನಾದ್ರೂ ಹೇಳಿದ್ರಾ?" ಎಂದು ಕೇಳಿ, ಬೀಗದವನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದ.