ಅವ್ವ ಏನು ಕೊಂಡಳು?

ಅನುರಾಧಾಳಿಗೆ ಆ ಭಾನುವಾರಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಆಗ ಅವಳಿಗೆ ಹತ್ತು ವರ್ಷ. ಖಾನಾಪುರದ ಬಾಡಿಗೆ ಕೋಣೆಯಲ್ಲಿ ಅವ್ವ ಕಾಂತಾ ಬೆಳಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಹೆಂಚಿನ ಭಟ್ಟಿಗಳ ಹೊಗೆ ದಾಟಿ ಬೆಳಗಾವಿ ಬಸ್ಸು ಓಡುತ್ತಿದ್ದರೆ ಅನು ಕಿಟಕಿಗೆ ಅಂಟಿಕೊಂಡು ಕೂರುತ್ತಿದ್ದಳು. ಪೀರನವಾಡಿಯಲ್ಲಿ ಇಳಿದರೆ ಅಪ್ಪನ ಮನೆ.

ಅಪ್ಪ ಅವ್ವ ಬೇರೆಯಾಗಿ ಎರಡು ವರ್ಷವಾಗಿತ್ತು. ಮಗಳು ತಿಂಗಳಿಗೊಮ್ಮೆ ಅಪ್ಪನನ್ನು ನೋಡಬೇಕು, ಅಪ್ಪ ಮಗಳ ಜೀವನಾಂಶ ಕೊಡಬೇಕು ಎಂದು ಕೋರ್ಟು ಹೇಳಿತ್ತು. ಅವ್ವ ಮಾತ್ರ ಒಳಗೆ ಬರುವಂತಿರಲಿಲ್ಲ. ರಸ್ತೆಯಾಚೆ ಹುಣಸೆ ಮರದ ಕೆಳಗೆ ಸಂಜೆಯ ತನಕ ಕಾಯುತ್ತಿದ್ದಳು.

ಒಳಗೆ ಎಂಥ ಸುಖ! ಅಪ್ಪನ ತಾಯಿ ಭರಮವ್ವ ಆಯಿ ಶೇಂಗಾ ಹೋಳಿಗೆಗೆ ತುಪ್ಪ ಸುರಿಯುತ್ತಿದ್ದಳು. ಅಪ್ಪ ಸಂಜಯ ಪೇಟೆಯಿಂದ ಕುಂದಾ ತಂದಿರುತ್ತಿದ್ದ. ಉಂಡಾದ ಮೇಲೆ ಆಯಿ ತೊಡೆಯ ಮೇಲೆ ಮಲಗಿಸಿಕೊಂಡು, ತಲೆ ನೇವರಿಸುತ್ತ ಕೇಳುತ್ತಿದ್ದಳು.

"ಈ ತಿಂಗಳಾ ನಿಮ್ಮವ್ವ ಏನೇನ್ ತಗೊಂಡ್ಳು, ನನ್ನ ಬಂಗಾರಾ?"

ಬೇರೆಯಾದ ಹೆಣ್ಣಿನ ಕೈಯಲ್ಲಿರುವ ಹಣಕ್ಕೆ ಕಾವಲಿರಬೇಕು, ಆ ಕಾವಲಿಗೆ ಅವಳ ಕೂಸನ್ನೇ ನಿಲ್ಲಿಸಬೇಕು. ಅದೆಷ್ಟೋ ಮನೆಗಳಲ್ಲಿ ಇದು ರೂಢಿ. ಹಿರಿಯರಿಗೆ ಇದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಕೂಸಿಗಂತೂ ಅದು ಮುದ್ದಿನ ಮಾತು.

"ಹೊಸಾ ಚಪ್ಲಿ ತಗೊಂಡಾಳ ಆಯಿ!" ಅನು ಹೆಮ್ಮೆಯಿಂದ ಹೇಳಿದಳು. "ಮತ್ತ ಟೈಪಿಂಗ್ ಕಲ್ಯಾಕ ಹೊಂಟಾಳ. ನಾನೂ ಹೋಗ್ತೀನಿ. ಟಕಟಕ ಸಪ್ಪಳಾ ಕೇಳ್ಕೋತ ಬೆಂಚಿನ ಮ್ಯಾಲ ಕುಂದರ್ತೀನಿ."

ನೇವರಿಸುತ್ತಿದ್ದ ಕೈ ನಿಂತಿತು.

ಮುಂದಿನ ತಿಂಗಳು ಹಣ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಪರೀಕ್ಷೆ ಹತ್ತಿರವಿದ್ದರೂ ಕಾಂತಾ ಟೈಪಿಂಗ್ ಬಿಟ್ಟಳು. ಊಟಕ್ಕೆ ಕೂತಾಗಲೆಲ್ಲ "ನಂದಾತು, ನೀ ಉಣ್ಣು" ಎನ್ನತೊಡಗಿದಳು. ಒಂದು ಸಂಜೆ ಅನು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದು ನೋಡಿದಳು. ಇದ್ದದ್ದು ಒಂದೇ ರೊಟ್ಟಿ. ಆಯಿಗೆ ಚಪ್ಪಲಿ, ಟೈಪಿಂಗಿನ ಸುದ್ದಿ ಹೇಳಿದ ಮೇಲೇ ಹಣ ನಿಂತಿತ್ತು. ತನ್ನ ಮಾತು ಏನು ಮಾಡಿತೆಂದು ಆಗ ಅವಳಿಗೆ ತಿಳಿಯಿತು.

ಮುಂದಿನ ಭೇಟಿಯ ಭಾನುವಾರ ಕಾಂತಾ ಹುಣಸೆ ಮರದ ಕೆಳಗೆ ನಿಲ್ಲಲಿಲ್ಲ. ಮಗಳ ಕೈ ಹಿಡಿದು ನೇರ ಅಂಗಳಕ್ಕೆ ಬಂದಳು. ಭರಮವ್ವ ಬಾಗಿಲಿಗೆ ಬಂದಳು, ಹಿಂದೆಯೇ ಅಪ್ಪ.

"ಅತ್ತಿ, ರೊಕ್ಕಾ ಯಾಕ ನಿಲ್ಸೀರಿ?"

"ಕೂಸಿನ ರೊಕ್ಕದಾಗ ನೀ ಚಪ್ಲಿ ಮೆಟ್ಟಿ, ಟೈಪಿಂಗ್ ಕಲ್ತಿ! ನಮ್ಮ ಕಾಲದಾಗ ಗಂಡನ್ನ ಬಿಟ್ಟಾಕಿ ಮೂಲಿ ಹಿಡದು ಕುಂದರ್ತಿದ್ಲು."

"ಆ ಚಪ್ಲಿ ಮೆಟ್ಕೊಂಡ ಅಕೀನ್ನ ಸಾಲಿಗೆ ಬಿಡ್ತೀನ್ರಿ. ಮನ್ಯಾಗ ಲೈಟ್ ಹಚ್ಚಿದ್ರ ಅಕಿ ಅಷ್ಟ ಬೆಳಕಿನ್ಯಾಗ ಇರಬೇಕು, ನಾ ಕತ್ತಲದಾಗ ಕುಂದರಬೇಕೇನ್ರಿ? ನಾಳಿ ನನಗ ನೌಕರಿ ಸಿಕ್ರ ಉಣ್ಣಾಕಿ ಯಾರು? ಅಕೀನ ಅಲ್ರಿ?"

"ಮಾತಿಗೇನ್ ಕಡಿಮಿಲ್ಲ ನಿನಗ! ಅನು, ನೀ ಹೇಳು. ಇನ್ನೂ ಏನೇನ್ ತಗೊಂಡಾಳ? ಖರೇ ಹೇಳು."

ಅನು ಅಪ್ಪನತ್ತ ನೋಡಿದಳು. ಅವನು ತಲೆ ತಗ್ಗಿಸಿದ್ದ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

"ಹೇಳೂದಿಲ್ಲ ಆಯಿ. ಇನ್ ಮ್ಯಾಲ ನನ್ನ ಕೇಳಬ್ಯಾಡ. ನಾ ಹೇಳಿದ್ದಕ್ಕ ಅವ್ವ ಉಪಾಸ ಬಿದ್ದಾಳ. ಕೇಳೂದಿದ್ರ ಅಕೀನ್ನ ಒಳಗ ಕರೀ, ಕುಂದರಿಸಿ ಕೇಳು. ಇಲ್ಲಂದ್ರ ನಾನೂ ಒಳಗ ಬರಾಂಗಿಲ್ಲ."

"ನೋಡ್ದೇನು ಸಂಜು, ಹೆಂಗ ಕಲಿಸ್ಯಾಳ ಕೂಸಿಗೆ!" ಎಂದು ಭರಮವ್ವ ಒಳಗೆ ನಡೆದಳು. ತಾಯಿ ಮಗಳು ಬಂದ ದಾರಿಯಲ್ಲೇ ತಿರುಗಿದರು. ಬಸ್ಸಿನಲ್ಲಿ ಅನು ಬಿಕ್ಕಿ ಬಿಕ್ಕಿ ಅತ್ತಳು. ಆಯಿಯೆಂದರೆ ಅವಳಿಗೆ ಪ್ರಾಣವಾಗಿತ್ತು. ಮತ್ತೆ ಆ ತೊಡೆಯ ಮೇಲೆ ತಲೆಯಿಡಲು ಒಂದು ವರ್ಷ ಹಿಡಿಯಿತು.

ಆದರೆ ಹತ್ತು ದಿನಕ್ಕೆ ಅಪ್ಪ ಖಾನಾಪುರಕ್ಕೆ ಬಂದ. ಆ ಕೋಣೆಯ ಹೊಸ್ತಿಲು ಅವನು ತುಳಿದದ್ದು ಅದೇ ಮೊದಲು. ನಿಲ್ಲಿಸಿದ್ದ ಹಣವನ್ನೆಲ್ಲ ಕಾಂತಾಳ ಕೈಗಿಟ್ಟ. ಕೊಟ್ಟ ಚಹಾ ಹಿಡಿದು ಗೋಡೆ, ಪಾತ್ರೆ, ಮಗಳ ಪಾಟಿಚೀಲ ಎಲ್ಲವನ್ನೂ ನೋಡಿದ. ತಮ್ಮ ಮನೆಯ ರೂಢಿಯಂತೆ ಮಗಳ ಕಡೆ ತಿರುಗಿ, "ನಿಮ್ಮವ್ವ..." ಎಂದು ಬಾಯಿ ತೆರೆದವನು ಅಲ್ಲಿಗೇ ತಡೆದುಕೊಂಡ. ಕಾಂತಾಳ ಕಡೆಗೇ ಮುಖ ಮಾಡಿದ.

"ಪರೀಕ್ಷಾ ಯಾವಾಗ ಐತಿ?"

"ಇವತ್ತ ಫೀ ಕಟ್ಟಿದ್ರ, ಮುಂದಿನ ತಿಂಗಳಾ," ಎಂದಳು ಕಾಂತಾ.