ಹುಡ್ ಒಳಗೆ ಜಾಗ ಇರ್ಲಿಲ್ಲ

ನಾನು ಗಾಜು ಊದಿ ಪ್ರಯೋಗದ ಸಾಮಾನು ಮಾಡ್ತಿದ್ದ ಲ್ಯಾಬಿನ ಮುಖ್ಯಸ್ಥನಿಗೆ ಬೆನ್ನ ಹಿಂದೆ ನಾವೆಲ್ಲ ‘ದೊರೆ’ ಅಂತಿದ್ವಿ. ಅವನ ಸ್ವಂತ ತಂಗಿ ಮಗಳೇ ಅವನ ಕೈಕೆಳಗೆ ಡಾಕ್ಟರೇಟ್ ಮಾಡ್ತಿದ್ಲು. ಅವಳಿಗೆ ಬೇಕಾಗಿದ್ದು ಒಂದೇ, ಪ್ರಬಂಧದ ಮೇಲೆ ಮಾವನ ಸಹಿ. ಅದು ಬೀಳೋ ತನಕ ಬಾಯಿ ಬಿಡೋ ಹಾಗಿಲ್ಲ.

ರುಥೇನಿಯಂ ಕಾರ್ಬೊನಿಲ್ ಅಂತ ಒಂದು ಕಿತ್ತಳೆ ಪುಡಿ. ಬಲು ದುಬಾರಿ. ಚಿಟಿಕೆ ಹಾಕಿದ್ರೆ ಸಾಕು, ಸೋಮಾರಿ ರಾಸಾಯನಿಕಗಳೂ ಎದ್ದು ಕೆಲಸ ಮಾಡ್ತವೆ. ಆದ್ರೆ ಕಾಯಿಸಿದ್ರೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ. ಅದು ಸಾಲ್ದು ಅಂತ ಇವಳ ಪ್ರಯೋಗದಲ್ಲಿ ಉಕ್ಕಿನ ಪಾತ್ರೆಗೆ ಅದೇ ಗ್ಯಾಸನ್ನ ಒತ್ತಿ ತುಂಬಬೇಕು. ವಾಸನೆ ಇಲ್ಲ, ಬಣ್ಣ ಇಲ್ಲ, ಕೊಲ್ಲೋದು ಮಾತ್ರ ಗೊತ್ತು. ಮುಗಿದ ಮೇಲೆ ಉಳಿದ ಗ್ಯಾಸನ್ನ ಹುಡ್ ಒಳಗೇ ಬಿಡ್ಬೇಕು. ಗಾಳಿ ಎಳೆದು ಹೊರಗೆ ಹಾಕೋ ಗಾಜಿನ ಗೂಡು ಅದು.

ದೊರೆ ಹುಡ್ಡನ್ನ ಗೋದಾಮು ಮಾಡಿದ್ದ. ಅಪ್ಪನ ಆಸ್ತಿ ಥರ ಹಳೇ ಬಾಟ್ಲಿಗಳು! ಉಕ್ಕಿನ ಪಾತ್ರೆ ಹೊರಗೆ, ಮೇಜಿನ ಮೇಲೆ.

“ಮಾವ, ಸ್ವಲ್ಪ ಜಾಗ ಮಾಡಿಕೊಡಿ. ದಿನಾ ತಲೆ ಸಿಡಿಯುತ್ತೆ.”

“ಸಿಡಿಯೋಕೆ ತಲೆ ಇರ್ಬೇಕಲ್ಲಮ್ಮ! ನಿಮ್ಮಪ್ಪನ ವಂಶವೇ ಹಂಗೆ, ಕೆಲಸ ಅಂದ್ರೆ ಕಾಯಿಲೆ.”

ಎಲ್ರೂ ಕಿಸಕ್ಕಂದ್ರು.

“ಗ್ಯಾಸ್ ಅಲಾರಂ ಬೇರೆ ಹೊಡ್ಕೊತಿದೆ.”

“ಬೊಗಳೋ ನಾಯಿ ಕಚ್ಚಲ್ಲ,” ಅಂದವನೇ ಅದರ ಬ್ಯಾಟರಿ ಕಿತ್ತ.

ಅದಾದ ಎರಡನೇ ದಿನ ನಾವು ಊಟ ಮುಗಿಸಿ ಬಂದ್ರೆ ಹುಡುಗಿ ನೆಲದ ಮೇಲೆ ಬಿದ್ದಿದ್ಲು. ಕಿಟಕಿ ತೆಗೆದು, ಕಾಲು ಹಿಡಿದು ಹೊರಗೆ ಎಳ್ಕೊಂಡು ಬಂದ್ವಿ. ಜೀವ ಉಳೀತು. ಬುದ್ಧಿ ಉಳೀಲಿಲ್ಲ.

ಆಸ್ಪತ್ರೆಗೆ ನಾನೂ ಹೋಗಿದ್ದೆ. ಅವಳ ತಾಯಿ ಚಮಚದಲ್ಲಿ ಗಂಜಿ ಕುಡಿಸ್ತಿದ್ಲು, ಅರ್ಧ ಗಲ್ಲದ ಮೇಲೆ ಸುರೀತಿತ್ತು. ದೊರೆ ಬಂದ. ಹೇಗಿದ್ದೀಯ ಅಂತಲೂ ಇಲ್ಲ. “ಕೊನೇ ಪ್ರಯೋಗ ಎಷ್ಟು ಡಿಗ್ರೀಲಿ ಮಾಡ್ದೆ? ಪೇಪರ್ ಕಳಿಸ್ಬೇಕು.”

“ಅಣ್ಣಾ, ಇವಳು ನನ್ನನ್ನೇ ಯಾರು ಅಂತಾಳೆ.”

“ನಾಟಕ! ಹೇಳೇ, ಎಷ್ಟು?”

ಹುಡುಗಿ ಅವನ ಮುಖವನ್ನೇ ನೋಡಿ ನಕ್ಕಳು. “ನೂರೈವತ್ತು.”

“ನೋಡಿದ್ಯಾ? ನಾಟಕ ಅಂದೆನಲ್ಲ!” ಅಂಗೈ ಮೇಲೆ ಗೀಚ್ಕೊಂಡ.

“ಸಹಿ ಹಾಕ್ತೀಯೇನಣ್ಣ?” ತಾಯಿ ಕೇಳಿದ್ಲು.

“ಮೊದ್ಲು ಎದ್ದು ಕೆಲಸಕ್ಕೆ ಬರ್ಲಿ.” ಹೋಗೇ ಬಿಟ್ಟ.

ತಾಯಿ ಚಮಚ ಎತ್ತಿದ್ಲು. “ಇನ್ನೊಂದು ತುತ್ತು ತಗೋ ಮಗಳೇ.”

“ನೂರೈವತ್ತು.”

“ನಿನ್ನ ಹೆಸರೇನಮ್ಮ?” ಅಂತ ನಾನೂ ಕೇಳಿದೆ.

“ನೂರೈವತ್ತು.”

ಕಾರಿಡಾರಿನಲ್ಲಿ ಅವನ ಬೂಟಿನ ಸದ್ದು ಇನ್ನೂ ಕೇಳ್ತಿತ್ತು. ಕರೆಯೋಕೆ ಅಂತ ಎದ್ದೆ. ತಾಯಿ ನನ್ನ ತೋಳು ಹಿಡಿದು ಕೂರಿಸಿದ್ಲು.

“ಹೋಗ್ಲಿ ಬಿಡಿ. ಪೇಪರಲ್ಲೂ ಅದನ್ನೇ ಬರ್ಕೊಳ್ಲಿ.”